ಚುಕ್ಕಿಗಳ ನಡುವಣ ನಾದ

ಮನೆಯಲ್ಲಿ ಕುಳಿತು ಸಂಗೀತ ಕೇಳುವವನ ಅತೃಪ್ತಿಗೆ ಕೊನೆಯೆಂಬುದಿಲ್ಲ. ರಾಗ ಅದೇ, ಹಾಡಿದವರು ಅವರೇ; ಆದರೂ ಸಭೆಯಲ್ಲಿ ಮೈ ನವಿರೇಳಿಸಿದ ತಂಬೂರಿಯ ಝೇಂಕಾರ ಮನೆಯ ಯಂತ್ರದಿಂದ ಹೊರಡುವಾಗ ಏಕೋ ಸೊರಗಿದಂತೆ ತೋರುತ್ತದೆ. ಹಾಡುವವರಿಗೂ ತನಗೂ ನಡುವೆ ತೆಳ್ಳನೆಯ ತೆರೆಯೊಂದು ಇಳಿಬಿದ್ದಿದೆಯೆಂದು ರಸಿಕನಿಗೆ ಅನಿಸುತ್ತದೆ. ಆ ತೆರೆಯನ್ನು ಸರಿಸುವ ಬಗೆ ಯಾವುದು?

ಬಗೆ ಹೇಳಿಕೊಡುವವರಿಗೆ ಬರಗಾಲವಿಲ್ಲ. ಧ್ವನಿಯಂತ್ರಗಳ ಅಂಗಡಿಗಳಲ್ಲಿ ಇಂದು ಎರಡು ತೆರನ ಪೆಟ್ಟಿಗೆಗಳು ಇಂತಹ ರಸಿಕನ ದಾರಿ ಕಾಯುತ್ತಿರುತ್ತವೆ. ಮೊದಲನೆಯದು ಹೊರಗಿನ ಪರಿವರ್ತಕ. ಡ್ಯಾಕ್ ಎಂಬುದು ಇದರ ಬಳಕೆಯ ಹೆಸರು. ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸಿ ಮುಂದಿನ ಆಂಪ್ಲಿಫೈಯರಿಗೆ ಒಪ್ಪಿಸುವುದು ಇದರ ಕೆಲಸ. ಎರಡನೆಯದು ಅಪ್‌ಸ್ಯಾಂಪ್ಲರು. ಇದು ಪರಿವರ್ತಕದ ಮುಂದೆ ನಿಂತು, ಬಂದ ಅಂಕಿಗಳ ಎಣಿಕೆಯನ್ನು ಎರಡರಷ್ಟೋ ನಾಲ್ಕರಷ್ಟೋ ಹೆಚ್ಚಿಸಿ ಅದಕ್ಕೆ ದಾಟಿಸುತ್ತದೆ. ಇಂತಹ ಪೆಟ್ಟಿಗೆಗಳ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಮೊದಲಾಗಿ ಹಲವು ಲಕ್ಷಗಳವರೆಗೆ ಏರುತ್ತದೆ. ತಿಂಗಳ ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ ಸಂಗೀತದ ಹುಚ್ಚನ್ನು ಸಾಕಿಕೊಂಡು ಬಂದಿರುವ ಗೃಹಸ್ಥನು ಇವು ಕೊಡಬಲ್ಲದ್ದೇನು, ಕೊಡಲಾರದ್ದೇನು ಎಂಬುದನ್ನು ಅರಿಯದೆ ಹಣದ ಗಂಟನ್ನು ಬಿಚ್ಚಿದರೆ, ಕಳೆದುಕೊಳ್ಳುವುದು ಹಣವೊಂದನ್ನೇ ಅಲ್ಲ. ತನ್ನ ಕಿವಿಯ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ.

ರಂಗೋಲಿಯ ನಿದರ್ಶನ

ಮುಂಜಾನೆ ಅಂಗಳ ಸಾರಿಸಿ ಚುಕ್ಕಿ ರಂಗೋಲಿ ಇಡುವ ಗೃಹಿಣಿಯ ಕೈಚಳಕವನ್ನು ಕಂಡವರಿಗೆ ಅಂಕೀಯ ಧ್ವನಿಯ ಮರ್ಮವನ್ನು ಗ್ರಹಿಸುವುದು ಕಷ್ಟವಲ್ಲ. ಆಕೆ ಮೊದಲು ಒಂದೇ ಅಂತರದಲ್ಲಿ ಚುಕ್ಕಿಗಳನ್ನಿಡುತ್ತಾಳೆ. ಅನಂತರ ಅವುಗಳನ್ನು ಕೂಡಿಸುತ್ತ ಗೆರೆ ಎಳೆಯುತ್ತಾಳೆ. ನೋಡುವವರ ಕಣ್ಣಿಗೆ ಬೀಳುವುದು ಗೆರೆಯ ಸೊಬಗು. ಆ ಗೆರೆಗೆ ಆಧಾರವಾಗಿರುವುದು ಚುಕ್ಕಿ.

ಧ್ವನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಈ ಏರಿಳಿತವನ್ನು ಮೈಕು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುತ್ತದೆ. ಆ ಅಲೆಯ ಎತ್ತರವನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಯಾವುದಕ್ಕೆ ಹತ್ತಿರವೋ ಆ ಮೆಟ್ಟಿಲಿನ ಸಂಖ್ಯೆಯಾಗಿ ಬರೆದಿಡುವುದೇ ಕಾಂಪ್ಯಾಕ್ಟ್ ಡಿಸ್ಕಿನ ಕ್ರಮ. 16 ಬಿಟ್, 44.1 ಕಿಲೋಹರ್ಟ್ಸ್ ಎಂದು ಪೆಟ್ಟಿಗೆಗಳ ಮೇಲೆ ಅಚ್ಚಾಗಿರುವ ಮಾತಿನ ಅರ್ಥವಿಷ್ಟೆ. ಡಿಸ್ಕಿನಲ್ಲಿರುವುದು ಚುಕ್ಕಿಗಳು ಮಾತ್ರ, ಗೆರೆಯಿಲ್ಲ. ಗೆರೆಯನ್ನು ಎಳೆಯಬೇಕಾದುದು ಪರಿವರ್ತಕ.

ಹಾಗಾದರೆ ಎರಡು ಚುಕ್ಕಿಗಳ ನಡುವೆ ನಡೆದುದೆಲ್ಲ ನಷ್ಟವಾಯಿತಲ್ಲವೆ ಎಂಬ ಸಂದೇಹ ಯಾರಿಗಾದರೂ ಬರುವುದು ಸಹಜ. ಅಪ್‌ಸ್ಯಾಂಪ್ಲರಿನ ವ್ಯಾಪಾರ ಬಹುಮಟ್ಟಿಗೆ ನಿಂತಿರುವುದು ಈ ಸಂದೇಹದ ಮೇಲೆಯೇ. ಆದರೆ ಗಣಿತದ ತೀರ್ಪು ಬೇರೆ. ಅಮೆರಿಕದ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದಕ್ಕೆ ತಳಹದಿ ಹಾಕಿದನು. ಸೋವಿಯತ್ ದೇಶದ ಕೊಟೆಲ್ನಿಕೊವ್ 1933ರಲ್ಲಿಯೂ, ಅಮೆರಿಕದ ಕ್ಲಾಡ್ ಶ್ಯಾನನ್ 1949ರಲ್ಲಿಯೂ ಇದನ್ನು ಪ್ರಮೇಯವಾಗಿ ವಿವರಿಸಿದರು. ಅಲೆಯಲ್ಲಿರುವ ಅತಿ ವೇಗದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಚುಕ್ಕಿಗಳನ್ನಿಟ್ಟರೆ, ಆ ಚುಕ್ಕಿಗಳ ಮೂಲಕ ಹಾಯಬಲ್ಲ ಗೆರೆ ಒಂದೇ ಒಂದು. ಅದು ಮೂಲದ ಅಲೆಯೇ ಆಗಿರುತ್ತದೆ ಎಂಬುದು ಪ್ರಮೇಯದ ಸಾರ. ಎಳೆಯ ಕಿವಿಗೆ ಕೇಳುವ ಮೇಲ್ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನ. ವಯಸ್ಸು ಏರಿದಂತೆಲ್ಲ ಈ ಮಿತಿ ಇಳಿಯುತ್ತ ಹೋಗುತ್ತದೆ. ಆದುದರಿಂದ 44,100 ಚುಕ್ಕಿಗಳು ಕಿವಿಯ ಮಟ್ಟಿಗೆ ಸಾಲದಾದವುಗಳಲ್ಲ. ಕಿವಿಗೆ ಬೇಕಾದುದೇನೂ ಚುಕ್ಕಿಗಳ ನಡುವೆ ಕಳೆದುಹೋಗಿಲ್ಲ. ಗೆರೆಯನ್ನು ಸರಿಯಾಗಿ ಎಳೆಯುವ ಕೈ ಮಾತ್ರ ಬೇಕು.

ಗೋಡೆಯೊಂದರ ಕಥೆ

ಈ 44,100 ಎಂಬ ವಿಚಿತ್ರ ಸಂಖ್ಯೆ ಬಂದ ಬಗೆಯೂ ಸ್ವಾರಸ್ಯವಾದುದೇ. ಡಿಸ್ಕುಗಳನ್ನು ಅಚ್ಚುಹಾಕುವ ಮೊದಲು ಅಂಕಿಗಳನ್ನು ಕೂಡಿಡಲು ಅಂದಿನ ತಂತ್ರಜ್ಞರು ಹೂಡಿದ ಉಪಾಯ ವಿಡಿಯೋ ಟೇಪು. ದೂರದರ್ಶನದ ಚಿತ್ರದ ಒಂದೊಂದು ಸಾಲಿನಲ್ಲಿ ಮೂರು ಅಳತೆಗಳನ್ನು ತುಂಬಿ, ಸಲಕ್ಕೆ 245 ಸಾಲುಗಳಂತೆ ಸೆಕೆಂಡಿಗೆ 60 ಸಲ ಬರೆದರೆ ಬರುವ ಮೊತ್ತ 44,100. ಯೂರೋಪಿನ ಪದ್ಧತಿಯಂತೆ 294 ಸಾಲುಗಳನ್ನು 50 ಸಲ ಬರೆದರೂ ಬರುವುದು ಅದೇ ಮೊತ್ತ. ಟೇಪಿನ ಕಾಲ ಮುಗಿಯಿತು, ಸಂಖ್ಯೆ ಉಳಿಯಿತು.

ಇನ್ನು ಗೆರೆ ಎಳೆಯುವ ಕಷ್ಟ. ಚುಕ್ಕಿಗಳಿಂದ ಅಲೆಯನ್ನು ಮರಳಿ ಪಡೆಯುವಾಗ ಅದರ ನೆರಳುಗಳೂ ಜೊತೆಯಲ್ಲಿ ಹುಟ್ಟುತ್ತವೆ. 20,000 ಕಂಪನದ ಒಂದು ಸ್ವರವಿದ್ದರೆ, 44,100ರಲ್ಲಿ ಅದನ್ನು ಕಳೆದು ಉಳಿದ 24,100ರಲ್ಲಿ ಅದರದೊಂದು ನೆರಳು ಕಾಣಿಸಿಕೊಳ್ಳುತ್ತದೆ. ನೆರಳನ್ನು ತಡೆದು ಸ್ವರವನ್ನು ಮಾತ್ರ ಬಿಡಬೇಕಾದುದು ಫಿಲ್ಟರು ಎಂಬ ಸೋಸುವ ಸಾಧನ. ಇವೆರಡರ ನಡುವಣ ಅಂತರವನ್ನು ಸಂಗೀತಗಾರರ ಭಾಷೆಯಲ್ಲಿ ಹೇಳುವುದಾದರೆ, ಷಡ್ಜದಿಂದ ಸಾಧಾರಣ ಗಾಂಧಾರಕ್ಕಿರುವ ದೂರಕ್ಕಿಂತ ತುಸು ಹೆಚ್ಚು, ಅಷ್ಟೆ. ಅಷ್ಟು ಕಿರಿದಾದ ಜಾಗದಲ್ಲಿ ಒಂದು ಕಡೆ ಎಲ್ಲವನ್ನೂ ಬಿಟ್ಟು ಇನ್ನೊಂದು ಕಡೆ ಎಲ್ಲವನ್ನೂ ತಡೆಯುವ ಕಡಿದಾದ ಗೋಡೆ ಕಟ್ಟಬೇಕು. ಸುರುಳಿ, ಕೆಪಾಸಿಟರುಗಳಿಂದ ಇಂತಹ ಗೋಡೆ ಕಟ್ಟುವುದು ದುಬಾರಿ. ಕಟ್ಟಿದರೂ ಅದರ ಅಡಿಯಲ್ಲಿ ಹಾಯುವ ತಾರಸ್ವರಗಳ ಹೊಂದಿಕೆ ಅಷ್ಟಿಷ್ಟು ಕದಡುವುದುಂಟು.

1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿ ಸಂಸ್ಥೆಯ ಸಿಡಿಪಿ-101 ಎಂಬ ಯಂತ್ರ ಮಾರಾಟಕ್ಕೆ ಬಂದಾಗ ಅದರೊಳಗೆ ಇದ್ದುದು ಇಂತಹ ಕಡಿದಾದ ಗೋಡೆಯೇ. ಹಾಲೆಂಡಿನ ಫಿಲಿಪ್ಸ್ ಸಂಸ್ಥೆ ಹಿಡಿದ ದಾರಿ ಬೇರೆ. ಅವರ ಕೈಯಲ್ಲಿ ಆಗ ಇದ್ದ ಪರಿವರ್ತಕ 14 ಬಿಟ್ಟಿನದು. ಗೊತ್ತುಮಾಡಿದ್ದ ಕ್ರಮವೋ 16 ಬಿಟ್ಟಿನದು. ಈ ಕೊರತೆಯನ್ನು ನೀಗಲು ಫಿಲಿಪ್ಸಿನ ತಂತ್ರಜ್ಞರು ಚುಕ್ಕಿಗಳ ಸಂಖ್ಯೆಯನ್ನು ನಾಲ್ಕುಪಟ್ಟು ಹೆಚ್ಚಿಸಿ ಸೆಕೆಂಡಿಗೆ 1,76,400ಕ್ಕೆ ಏರಿಸಿದರು. ಒಂದು ಅಳತೆಯಲ್ಲಿ ಉಳಿದ ಚೂರನ್ನು ಎಸೆಯದೆ, ಅಂಗಡಿಯ ಶೆಟ್ಟರು ಚಿಲ್ಲರೆ ಬಾಕಿಯನ್ನು ಮುಂದಿನ ಲೆಕ್ಕಕ್ಕೆ ಸೇರಿಸಿಕೊಳ್ಳುವಂತೆ, ಮುಂದಿನ ಅಳತೆಗೆ ಒಯ್ದರು. ಇದರಿಂದ ತಪ್ಪಿನ ಸದ್ದು ಕಿವಿಗೆ ಎಟುಕದ ಎತ್ತರಕ್ಕೆ ಸರಿದು, 14 ಬಿಟ್ಟಿನ ಯಂತ್ರ 16 ಬಿಟ್ಟಿನ ಕೆಲಸ ಮಾಡಿತು. ಅಷ್ಟೇ ಅಲ್ಲ, ನೆರಳು 24,100ರಿಂದ 1,56,400ಕ್ಕೆ ಓಡಿತು. ಗಾಂಧಾರದಷ್ಟಿದ್ದ ಅಂತರ ಹತ್ತಿರ ಹತ್ತಿರ ಮೂರು ಸ್ಥಾಯಿಗಳಷ್ಟಾಯಿತು. ಕಡಿದಾದ ಗೋಡೆಯ ಬದಲು ಇಳಿಜಾರಾದ ಒಂದು ದಿಬ್ಬ ಸಾಕಾಯಿತು.

ಅಪ್‌ಸ್ಯಾಂಪ್ಲಿಂಗ್ ಎಂದು ಇಂದು ಹೊಸ ಪವಾಡದಂತೆ ಸಾರಲಾಗುವ ತತ್ತ್ವ ಇದೇ ಎಂಬುದನ್ನು ಇಲ್ಲಿ ಗಮನಿಸಬೇಕು. ಅದು ಕಾಂಪ್ಯಾಕ್ಟ್ ಡಿಸ್ಕಿನಷ್ಟೇ ಹಳೆಯದು. ಇಂದು ಮಾರಾಟವಾಗುವ ಪರಿವರ್ತಕಗಳಲ್ಲಿ ಬಹುತೇಕ ಎಲ್ಲವೂ, ಬೆರಳ ತುದಿಯಷ್ಟಿರುವ ತಮ್ಮ ಚಿಪ್ಪಿನೊಳಗೆ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತವೆ. ಚುಕ್ಕಿಗಳನ್ನು ಮೊದಲು ಎಂಟುಪಟ್ಟು ಹೆಚ್ಚಿಸಿ, ಅಲ್ಲಿಂದ ಮುಂದೆ ಸೆಕೆಂಡಿಗೆ ಹತ್ತಾರು ಲಕ್ಷದ ಎಣಿಕೆಗೆ ಏರಿಸುವುದು ಅವುಗಳ ಸಾಮಾನ್ಯ ಪದ್ಧತಿ.

ಹೆಚ್ಚಿದ ಚುಕ್ಕಿ, ಹೆಚ್ಚದ ಚಿತ್ರ

1990ರ ದಶಕದ ಕೊನೆಯಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಪೆಟ್ಟಿಗೆಗಳು ಮನೆಗಳಿಗೆ ಬಂದವು. ಇಂಗ್ಲೆಂಡಿನ ಕೇಂಬ್ರಿಜ್ ಪ್ರದೇಶದ ಡಿಸಿಎಸ್ ಸಂಸ್ಥೆ ಧ್ವನಿಮುದ್ರಣಾಲಯಗಳಿಗಾಗಿ ಇಂತಹ ಯಂತ್ರಗಳನ್ನು ರಚಿಸಿ, ಅನಂತರ ಗೃಹಸ್ಥರಿಗೂ ಒದಗಿಸಿತು. 44,100 ಚುಕ್ಕಿಗಳು 96,000ವೋ 1,92,000ವೋ ಆಗಿ ಹೊರಬರುವುದನ್ನು ಕಂಡ ರಸಿಕರಿಗೆ ಸಂಗೀತವೇ ನಾಲ್ಕುಪಟ್ಟು ಬೆಳೆದಂತೆ ಭಾಸವಾಯಿತು.

ಆದರೆ ಹೊಸ ಚುಕ್ಕಿಗಳು ಬಂದುದೆಲ್ಲಿಂದ? ಹಳೆಯ ಚುಕ್ಕಿಗಳಿಂದ ಲೆಕ್ಕಹಾಕಿದ್ದರಿಂದಲೇ. ಇಟ್ಟ ರಂಗೋಲಿಯ ಗೆರೆಯ ಮೇಲೆಯೇ ಇನ್ನಷ್ಟು ಚುಕ್ಕಿಗಳನ್ನು ಇಟ್ಟರೆ ತಾವರೆಗೆ ಹೊಸದೊಂದು ದಳ ಮೂಡುವುದಿಲ್ಲ. ಬಾವಿಯಲ್ಲಿ ಇದ್ದರಲ್ಲವೆ ಕೊಡಕ್ಕೆ ಬರುವುದು?

ಇದನ್ನು ಮನಗಾಣಲು ಮೈಸೂರಿನೊಡನೆ ನಂಟಿರುವ ಒಂದು ನಿದರ್ಶನವನ್ನು ನೋಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಗಾಯಕಿಯಾಗಿ 1928ರಲ್ಲಿ ನೇಮಕಗೊಂಡು, 1930ರಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದ ಗೌಹರ್ ಜಾನ್ ತಮ್ಮ ಮೊದಲ ಗ್ರಾಮಫೋನು ತಟ್ಟೆಗಳಿಗೆ ಹಾಡಿದುದು 1902ರಲ್ಲಿ, ಕಲ್ಕತ್ತೆಯಲ್ಲಿ. ಆಗ ವಿದ್ಯುತ್ತಿನ ಮೈಕು ಇರಲಿಲ್ಲ. ದೊಡ್ಡ ತುತ್ತೂರಿಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕಾಗಿತ್ತು. ಮೂರು ನಾಲ್ಕು ಸಾವಿರಕ್ಕಿಂತ ಮೇಲಿನ ಕಂಪನಗಳು ಆ ತುತ್ತೂರಿಗೆ ದಕ್ಕುತ್ತಿರಲಿಲ್ಲ. ಅಂತಹ ತಟ್ಟೆಯಿಂದ ತೆಗೆದ ಧ್ವನಿಯನ್ನು ಇಂದು ಸೆಕೆಂಡಿಗೆ 1,92,000 ಚುಕ್ಕಿಗಳಿಗೆ ಏರಿಸಿದರೂ, ಅಂದು ಗಾಳಿಯಲ್ಲಿ ಕರಗಿಹೋದ ಆ ಕಂಠದ ಹೊಳಪು ಮರಳಿ ಬಾರದು. ಯಂತ್ರಕ್ಕೆ ಲೆಕ್ಕ ಬರುತ್ತದೆ. ಕೇಳದೆ ಹೋದುದನ್ನು ನೆನೆಯಲು ಬರುವುದಿಲ್ಲ.

ಹಾಗೆಂದು ಅಪ್‌ಸ್ಯಾಂಪ್ಲರಿನಿಂದ ಯಾವ ವ್ಯತ್ಯಾಸವೂ ಆಗದೆಂದು ಹೇಳುವುದು ಅನ್ಯಾಯವಾದೀತು. ಪರಿವರ್ತಕದ ಚಿಪ್ಪಿನಲ್ಲಿರುವ ಲೆಕ್ಕಿಗ ಅವಸರದವನಾಗಿದ್ದರೆ, ಹೊರಗಿನ ಯಂತ್ರವೋ ಕಂಪ್ಯೂಟರೋ ಅದೇ ಲೆಕ್ಕವನ್ನು ಹೆಚ್ಚು ಎಚ್ಚರದಿಂದ ಮಾಡಿಕೊಟ್ಟೀತು. ಗೋಡೆಯ ಆಕಾರವನ್ನು ಬದಲಿಸುವುದಕ್ಕೂ ಅವಕಾಶವುಂಟು. ಕಡಿದಾದ ಫಿಲ್ಟರಿನಲ್ಲಿ ಮೃದಂಗದ ಚಾಪಿನಂತಹ ಹರಿತವಾದ ಪೆಟ್ಟಿನ ಹಿಂದೆ ಮುಂದೆ ಅತಿ ಸಣ್ಣ ಅದುರುವಿಕೆಯೊಂದು ಕಾಣಿಸಿಕೊಳ್ಳುವುದುಂಟು. ಅದು 22,000 ಕಂಪನದ ಆಸುಪಾಸಿನದಾದ್ದರಿಂದ ಕಿವಿಗೆ ಎಟುಕುವ ಸಂಭವ ಕಡಿಮೆ. ಇಳಿಜಾರಾದ ಫಿಲ್ಟರನ್ನು ಆರಿಸಿದರೆ ಈ ಅದುರು ತಗ್ಗುತ್ತದೆ. ಬದಲಿಗೆ ತಾರಸ್ವರಗಳು ತುಸು ಮಂಕಾಗುತ್ತವೆ. ಫಿಲ್ಟರೇ ಬೇಡವೆಂದು ಚುಕ್ಕಿಗಳನ್ನು ಮೆಟ್ಟಿಲುಮೆಟ್ಟಿಲಾಗಿ ಹಾಗೆಯೇ ಬಿಡುವ ಪರಿವರ್ತಕಗಳೂ ಇವೆ. ಅವುಗಳಲ್ಲಿ 20,000 ಕಂಪನದ ಸ್ವರ ಸುಮಾರು 3 ಡೆಸಿಬೆಲ್ಲಿನಷ್ಟು ಇಳಿದುಹೋಗುತ್ತದೆ. ಅದನ್ನು ‘ಮಾಧುರ್ಯ’ವೆಂದು ಕೆಲವರು ಮೆಚ್ಚುತ್ತಾರೆ. ಮೆಚ್ಚುವುದು ಅವರವರ ರುಚಿ. ಅದು ಮೂಲದ ನಿಷ್ಠೆಯಲ್ಲ ಎಂಬುದು ಮಾತ್ರ ನೆನಪಿರಲಿ.

ಇನ್ನೊಂದು ಸೂಕ್ಷ್ಮವುಂಟು. ಈಚಿನ ಹಲವು ಹಾಡುಗಳನ್ನು ಮುದ್ರಣದಲ್ಲಿಯೇ ಮಿತಿಯ ಅಂಚಿನವರೆಗೆ ಜೋರುಮಾಡಿರುತ್ತಾರೆ. ಚುಕ್ಕಿಗಳು ಮಿತಿಯೊಳಗೆ ಇದ್ದರೂ ಅವುಗಳ ನಡುವೆ ಹಾಯುವ ಗೆರೆ ಮಿತಿಯನ್ನು ಮೀರಿ ಏಳುವುದು ಸಾಧ್ಯ. ಕೆಲವು ಸಂದರ್ಭಗಳಲ್ಲಿ 3 ಡೆಸಿಬೆಲ್ಲಿನಷ್ಟು. ಚುಕ್ಕಿ ಹೆಚ್ಚಿಸುವ ಯಂತ್ರದಲ್ಲಿ ತಲೆಯ ಮೇಲೆ ಜಾಗವಿಲ್ಲದಿದ್ದರೆ ಆ ಶಿಖರ ತುಂಡಾಗಿ ಧ್ವನಿ ಒರಟಾಗುತ್ತದೆ. ಹಾಡಿಸುವ ಸಾಧನದಲ್ಲಿಯೇ ಮಟ್ಟವನ್ನು 3 ಡೆಸಿಬೆಲ್ ಇಳಿಸಿ, ಆ ನಷ್ಟವನ್ನು ಆಂಪ್ಲಿಫೈಯರಿನ ಗುಂಡಿಯಿಂದ ತುಂಬಿಕೊಂಡರೆ ಈ ತೊಡಕು ಕಾಸು ಖರ್ಚಿಲ್ಲದೆ ಪರಿಹಾರವಾಗುತ್ತದೆ.

ಹೊರಗೆ ಬಂದ ಪರಿವರ್ತಕ

ಹೊರಗಿನ ಪರಿವರ್ತಕದ ವಿಚಾರ ಇದಕ್ಕಿಂತ ಗಟ್ಟಿಯಾದುದು. ಅದರಿಂದ ಆಗಬಹುದಾದ ಪ್ರಯೋಜನಗಳು ಮೂರು.

ಮೊದಲನೆಯದು ನೆರೆಹೊರೆ. ಕಂಪ್ಯೂಟರಿನ ಒಳಗೆ ನೂರಾರು ಕೆಲಸಗಳು ಏಕಕಾಲಕ್ಕೆ ನಡೆಯುತ್ತಿರುತ್ತವೆ. ಅವುಗಳ ವಿದ್ಯುತ್ತಿನ ಗದ್ದಲ ಪಕ್ಕದಲ್ಲಿಯೇ ಇರುವ ಸೂಕ್ಷ್ಮವಾದ ಧ್ವನಿಮಾರ್ಗಕ್ಕೆ ಸೋರುತ್ತದೆ. ಇಲಿಯಂತಹ ಆ ಮೌಸನ್ನು ಸರಿಸಿದಾಗಲೆಲ್ಲ ಸ್ಪೀಕರಿನಲ್ಲಿ ಕಿಚಕಿಚ ಸದ್ದು ಕೇಳಿದ ಅನುಭವ ಅನೇಕರಿಗೆ ಇದ್ದೀತು. ಸಂತೆಯಲ್ಲಿ ಕುಳಿತು ಶ್ರುತಿ ಸೇರಿಸುವುದು ಹೇಗೆ ಕಷ್ಟವೋ ಇದೂ ಹಾಗೆಯೇ. ಪರಿವರ್ತಕವನ್ನು ಸಂತೆಯಿಂದ ಹೊರಗೆ ತಂದು ಬೇರೆಯ ಪೆಟ್ಟಿಗೆಯಲ್ಲಿ ಕೂರಿಸಿದರೆ ಈ ಗದ್ದಲ ಬಹುಮಟ್ಟಿಗೆ ಅಡಗುತ್ತದೆ.

ಎರಡನೆಯದು ತಾಳ. ಚುಕ್ಕಿಗಳ ಎತ್ತರ ಸರಿಯಿದ್ದರೆ ಸಾಲದು. ಅವು ಗೊತ್ತಾದ ಕ್ಷಣಕ್ಕೆ ಸರಿಯಾಗಿ ಬೀಳಬೇಕು. 16 ಬಿಟ್ಟಿನ ಪೂರ್ಣ ನಿಖರತೆ 20,000 ಕಂಪನದ ಸ್ವರದಲ್ಲಿಯೂ ಉಳಿಯಬೇಕಾದರೆ ಕ್ಷಣದ ತಪ್ಪು ಸುಮಾರು 120 ಪಿಕೊಸೆಕೆಂಡಿನೊಳಗೆ ಇರಬೇಕೆಂದು ಲೆಕ್ಕ ಹೇಳುತ್ತದೆ. ಅಷ್ಟು ಕಾಲದಲ್ಲಿ ಬೆಳಕು ಕೂಡ ಮೂರೂವರೆ ಸೆಂಟಿಮೀಟರಿನಷ್ಟು ಮಾತ್ರ ಮುಂದೆ ಹೋಗುತ್ತದೆ! ತಾಳದ ಈ ನಡುಕಕ್ಕೆ ಜಿಟರ್ ಎಂದು ಹೆಸರು. ಆದರೆ ಲೆಕ್ಕ ಬೇಡುವಷ್ಟು ನಾಜೂಕನ್ನು ಕಿವಿ ಬೇಡುವುದಿಲ್ಲ. 1998ರಲ್ಲಿ ಬೆಂಜಮಿನ್ ಮತ್ತು ಗ್ಯಾನನ್ ಎಂಬ ಇಬ್ಬರು ತಂತ್ರಜ್ಞರು ನಡೆಸಿದ ಪರೀಕ್ಷೆಗಳಲ್ಲಿ, ಬಿಡಿ ಸ್ವರಗಳಲ್ಲಿ ಅತಿ ಚುರುಕಾದ ಕಿವಿಗೆ ಗೊತ್ತಾದ ನಡುಕ ಸುಮಾರು 10 ನ್ಯಾನೊಸೆಕೆಂಡು, ಎಂದರೆ ಮೇಲೆ ಹೇಳಿದ ಮಿತಿಯ ಎಂಬತ್ತುಪಟ್ಟಿಗೂ ಹೆಚ್ಚು. ಸಂಗೀತದಲ್ಲಿ ಅದಕ್ಕಿಂತಲೂ ಹೆಚ್ಚಿನ ನಡುಕವಿದ್ದ ಹೊರತು ತಿಳಿಯಲಿಲ್ಲ. ಮೊದಲು ಬಂದ ಹೊರಗಿನ ಪರಿವರ್ತಕಗಳಲ್ಲಿ ತಾಳ ಹಾಕುವವನು ಡಿಸ್ಕು ತಿರುಗಿಸುವ ಯಂತ್ರ. ಪರಿವರ್ತಕ ಅದನ್ನು ಅನುಸರಿಸಬೇಕಾಗಿತ್ತು. ಇಂದಿನ ಯುಎಸ್‌ಬಿ ಪರಿವರ್ತಕಗಳಲ್ಲಿ ಹೆಚ್ಚಿನವು ತಾವೇ ತಾಳ ಹಾಕಿ, ತಮಗೆ ಬೇಕಾದ ವೇಗದಲ್ಲಿ ಅಂಕಿಗಳನ್ನು ಕಂಪ್ಯೂಟರಿನಿಂದ ಕೇಳಿ ಪಡೆಯುತ್ತವೆ. ಆದುದರಿಂದ ಜಿಟರಿನ ಹೆಸರು ಹೇಳಿ ಹೆದರಿಸುವ ಮಾತು ಇಂದು ಅಷ್ಟಾಗಿ ಸಲ್ಲದು.

ಮೂರನೆಯದು ಹೊರಬಾಗಿಲು. ಅಲೆಯಾಗಿ ಮಾರ್ಪಟ್ಟ ಸಂಗೀತವನ್ನು ಸಾಕಷ್ಟು ಬಲದಿಂದ, ಕೆಡದಂತೆ ಹೊರಗೆ ಕಳುಹಿಸುವ ಭಾಗ ಚೆನ್ನಾಗಿರಬೇಕು. ಹೆಚ್ಚು ವೋಲ್ಟೇಜು ಬೇಡುವ ಹೆಡ್‌ಫೋನುಗಳನ್ನು ಫೋನಿಗೆ ನೇರವಾಗಿ ಸಿಕ್ಕಿಸಿದರೆ ಧ್ವನಿ ಬಡವಾಗುವುದು ಇದರ ಕೊರತೆಯಿಂದಲೇ. ಒಳ್ಳೆಯ ಹೊರಗಿನ ಪರಿವರ್ತಕ ಈ ಬಡತನವನ್ನು ನೀಗುತ್ತದೆ.

ಆದರೆ ಇವು ಮೂರನ್ನೂ ಪಡೆಯಲು ಲಕ್ಷ ರೂಪಾಯಿ ಬೇಕೆಂದು ಭಾವಿಸಬೇಕಾಗಿಲ್ಲ. 2016ರಲ್ಲಿ ಆಪಲ್ ಸಂಸ್ಥೆ ತನ್ನ ಐಫೋನ್ 7ರಿಂದ ಹೆಡ್‌ಫೋನಿನ ರಂಧ್ರವನ್ನು ತೆಗೆದುಹಾಕಿ, ಕಿರುಬೆರಳಿನಷ್ಟು ಉದ್ದದ ದಾರದಂತಹ ಜೋಡಣೆಯೊಂದನ್ನು 9 ಡಾಲರಿಗೆ ಮಾರಿತು. ಅದರ ತುದಿಯಲ್ಲಿ ಅಡಗಿದ್ದುದು ಹೊರಗಿನ ಪರಿವರ್ತಕವೇ! ಕೊಂಡವರಲ್ಲಿ ಎಷ್ಟೋ ಮಂದಿಗೆ ತಾವು ಡ್ಯಾಕ್ ಕೊಂಡಿದ್ದೇವೆಂಬ ಅರಿವೂ ಇರಲಿಲ್ಲ. ಪರಿವರ್ತಕಗಳ ಕಲೆ ಇಂದು ಅಷ್ಟು ಪಳಗಿದೆ, ಅಷ್ಟು ಅಗ್ಗವಾಗಿದೆ.

ಕಿವಿಯ ಸಾಕ್ಷ್ಯ

ಲೆಕ್ಕ ಏನೇ ಹೇಳಲಿ, ಕಿವಿಯೇ ಕೊನೆಯ ನ್ಯಾಯಾಧೀಶನಲ್ಲವೆ ಎಂದು ರಸಿಕರು ಕೇಳಬಹುದು. ಒಪ್ಪತಕ್ಕ ಮಾತೇ. ಆದರೆ ನ್ಯಾಯಾಧೀಶನಿಗೆ ಕಕ್ಷಿಗಾರರ ಹೆಸರು, ಶ್ರೀಮಂತಿಕೆ ಗೊತ್ತಿರಕೂಡದು.

ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಅಮೆರಿಕನ್ನರು ಇಂತಹ ಪರೀಕ್ಷೆಯೊಂದರ ಫಲಿತಾಂಶವನ್ನು 2007ರಲ್ಲಿ ಧ್ವನಿ ತಂತ್ರಜ್ಞರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಚ್ಚು ಚುಕ್ಕಿಗಳ ಉತ್ತಮ ಮುದ್ರಣಗಳನ್ನು ಒಮ್ಮೆ ನೇರವಾಗಿ, ಇನ್ನೊಮ್ಮೆ 16 ಬಿಟ್, 44,100 ಚುಕ್ಕಿಗಳ ಇಕ್ಕಟ್ಟಾದ ಓಣಿಯಲ್ಲಿ ಹಾಯಿಸಿ ಕೇಳಿಸಲಾಯಿತು. ಯಾವುದು ಯಾವುದೆಂದು ಕೇಳುಗರಿಗೆ ತಿಳಿಸಲಿಲ್ಲ. 554 ಸಲ ನಡೆದ ಪರೀಕ್ಷೆಯಲ್ಲಿ ಸರಿಯಾದ ಉತ್ತರ ಬಂದುದು 276 ಸಲ. ನಾಣ್ಯ ಚಿಮ್ಮಿದ್ದರೂ ಸುಮಾರು ಇಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದ ಜೋಶುವಾ ರೀಸ್ ಇಂತಹ 18 ಪ್ರಯೋಗಗಳ 12,500ಕ್ಕೂ ಮೇಲ್ಪಟ್ಟ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಿಯುತ್ತರಗಳು ನೂರಕ್ಕೆ 52ನ್ನು ತುಸು ದಾಟಿದವು. ಚೆನ್ನಾಗಿ ತರಬೇತಿ ಪಡೆದ ಕೇಳುಗರಲ್ಲಿ ಇನ್ನೂ ಹೆಚ್ಚಾಗಿದ್ದವು. ವ್ಯತ್ಯಾಸವೇ ಇಲ್ಲವೆಂದು ಸಾಧಿಸುವವರಿಗೂ, ಹಗಲಿರುಳಿನ ಅಂತರವೆಂದು ಹೊಗಳುವವರಿಗೂ ಈ ಅಂಕಿ ಒಂದೇ ಸಮನೆ ಮುಖಭಂಗ ಮಾಡುತ್ತದೆ. ಇನ್ನೂ ಒಂದು ಮಾತು: ಈ ಪರೀಕ್ಷೆಗಳು ಮೂಲದಲ್ಲಿಯೇ ಹೆಚ್ಚು ಚುಕ್ಕಿಗಳಲ್ಲಿ ಮುದ್ರಿಸಿದ ಸಂಗೀತವನ್ನು ಕುರಿತವು. ಇದ್ದ ಚುಕ್ಕಿಗಳನ್ನೇ ಹಿಗ್ಗಿಸುವ ಅಪ್‌ಸ್ಯಾಂಪ್ಲರಿಗೆ ಅಷ್ಟು ಬಂಡವಾಳವೂ ಇಲ್ಲ.

ಗೃಹಸ್ಥನು ಈ ಪರೀಕ್ಷೆಯನ್ನು ತನ್ನ ಮನೆಯಲ್ಲಿಯೇ ನಡೆಸಬಹುದು. ಹೊಸ ಪೆಟ್ಟಿಗೆಯನ್ನು ಹಣ ಕೊಡುವ ಮೊದಲು ಕೆಲವು ದಿನಗಳ ಮಟ್ಟಿಗೆ ಕೇಳಿ ತರಬೇಕು. ಹಳೆಯದರ ಮತ್ತು ಹೊಸದರ ಗಟ್ಟಿತನ ಒಂದೇ ಆಗಿರುವಂತೆ ಅಳೆದು ಹೊಂದಿಸಬೇಕು. ಏಕೆಂದರೆ ತುಸುವೇ ಜೋರಾಗಿರುವುದು ಕಿವಿಗೆ ಜೋರೆಂದು ತೋರದೆ ‘ಚೆನ್ನ’ವೆಂದು ತೋರುತ್ತದೆ. ಅಂಗಡಿಗಳಲ್ಲಿ ನಡೆಯುವ ಎಷ್ಟೋ ಪವಾಡಗಳ ಗುಟ್ಟು ಇದೇ. ಅನಂತರ ಮನೆಯ ಇನ್ನೊಬ್ಬರು ಮರೆಯಲ್ಲಿ ನಿಂತು ತಮಗೆ ತೋಚಿದಂತೆ ಬದಲಿಸುತ್ತಿರಲಿ. ಕೇಳುವವರು ಉತ್ತರ ಬರೆಯುತ್ತಿರಲಿ. ಹದಿನಾರು ಸಲದಲ್ಲಿ ಹನ್ನೆರಡು ಸಲವಾದರೂ ಉತ್ತರ ಸರಿಯಾದರೆ ವ್ಯತ್ಯಾಸವಿದೆಯೆಂದು ನಂಬಬಹುದು; ಬರಿಯ ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ನಾಲ್ಕಕ್ಕೂ ಕಡಿಮೆ. ಎಂಟು ಒಂಬತ್ತರಲ್ಲಿಯೇ ನಿಂತರೆ ಪೆಟ್ಟಿಗೆಯನ್ನು ಮರ್ಯಾದೆಯಿಂದ ಹಿಂದಿರುಗಿಸುವುದು ಲೇಸು.

ಗೃಹಸ್ಥನ ಲೆಕ್ಕ

ಹಾಗಾದರೆ ಆ ತೆರೆ ಇರುವುದೆಲ್ಲಿ? ಹುಡುಕುವ ಕ್ರಮವೊಂದಿದೆ, ಅದು ಎರಡು ತುದಿಗಳಿಂದ ನಡುವಿಗೆ ಬರಬೇಕು.

ಒಂದು ತುದಿ ಮೂಲ. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 14,11,200 ಬಿಟ್ಟುಗಳಷ್ಟು ಸಂಗೀತವಿದೆ. ಅದನ್ನೇ ಹಿಂಡಿ 1,28,000 ಬಿಟ್ಟುಗಳಿಗೆ ಇಳಿಸಿದ ಕಡತದಿಂದ ಹಾಡು ಕೇಳುತ್ತ, ಅದಕ್ಕೆ ದುಬಾರಿ ಪರಿವರ್ತಕ ಜೋಡಿಸುವುದೆಂದರೆ ನೀರು ಬೆರೆಸಿದ ಹಾಲಿಗೆ ಬೆಳ್ಳಿಯ ಲೋಟ ತಂದಂತೆ. ಹಿಂಡದೆ ಇರುವ, ಇಲ್ಲವೆ ಏನನ್ನೂ ಕಳೆಯದೆ ಮಡಿಸಿಟ್ಟಿರುವ ಕಡತವನ್ನು ಆರಿಸುವುದು ಮೊದಲ ಕೆಲಸ. ಫೋನಿನಿಂದ ಸ್ಪೀಕರಿಗೆ ಬ್ಲೂಟೂತಿನ ಮೂಲಕ ಕಳುಹಿಸುವಾಗ ಹಾದಿಯಲ್ಲಿ ಸಾಮಾನ್ಯವಾಗಿ ಇನ್ನೊಮ್ಮೆ ಹಿಂಡಲಾಗುತ್ತದೆಯೆಂಬುದನ್ನೂ ಮರೆಯಬಾರದು. ಕಂಪ್ಯೂಟರು 44,100 ಚುಕ್ಕಿಗಳ ಹಾಡನ್ನು ತಾನಾಗಿಯೇ 48,000ಕ್ಕೆ ಬದಲಿಸುತ್ತಿದ್ದರೆ, ಹಾಡು ಇದ್ದ ಎಣಿಕೆಯಲ್ಲಿಯೇ ಹೊರಡುವಂತೆ ಅದರ ಏರ್ಪಾಟನ್ನು ತಿದ್ದಬೇಕು.

ಇನ್ನೊಂದು ತುದಿ ಸ್ಪೀಕರು ಮತ್ತು ಕೋಣೆ. ಸಾಧಾರಣ ಪರಿವರ್ತಕ ಧ್ವನಿಗೆ ಸೇರಿಸುವ ಕಲಬೆರಕೆ ನೂರಕ್ಕೆ 0.001ರ ಸುಮಾರು, ಒಳ್ಳೆಯ ಸ್ಪೀಕರು ಕೂಡ ಮಂದ್ರದಲ್ಲಿ ನೂರಕ್ಕೆ 1ರಷ್ಟು ಸೇರಿಸುವುದು ಅಪರೂಪವಲ್ಲ. ನುಣುಪಾದ ಕಲ್ಲಿನ ನೆಲ, ಬೋಳುಗೋಡೆ, ಗಾಜಿನ ಕಿಟಕಿಗಳಿರುವ ಕೋಣೆಯಲ್ಲಿ ಧ್ವನಿ ಚೆಂಡಿನಂತೆ ಪುಟಿಯುತ್ತದೆ. ಮಂದ್ರದ ಒಂದು ಸ್ವರ ಉಬ್ಬಿ, ಅದರ ನೆರೆಯ ಸ್ವರ ಕುಗ್ಗಿ, ಎರಡರ ನಡುವೆ 10 ಡೆಸಿಬೆಲ್ಲಿಗೂ ಮೀರಿದ ಏರುಪೇರು ಆಗುವುದುಂಟು. ನೆಲಕ್ಕೊಂದು ಜಮಖಾನೆ, ಕಿಟಕಿಗೆ ದಪ್ಪನೆಯ ಪರದೆ, ಗೋಡೆಗೆ ಪುಸ್ತಕದ ಕಪಾಟು, ಮೂಲೆಯಿಂದ ಎರಡಡಿ ಮುಂದಕ್ಕೆ ಸರಿದ ಸ್ಪೀಕರು, ಇವು ತರುವ ಸುಧಾರಣೆ ಹದಿನಾರಕ್ಕೆ ಹದಿನಾರು ಸಲವೂ ಕೇಳಿಬರುವಂಥದು.

ಈ ಎರಡು ತುದಿಗಳೂ ನೇರ್ಪಟ್ಟ ಮೇಲೆ, ಕಂಪ್ಯೂಟರಿನ ಗದ್ದಲವೋ ಹೆಡ್‌ಫೋನಿನ ಬಡತನವೋ ಉಳಿದಿದ್ದರೆ, ಸಾಧಾರಣ ಬೆಲೆಯ ಹೊರಗಿನ ಪರಿವರ್ತಕವೊಂದನ್ನು ಧಾರಾಳವಾಗಿ ಕೊಳ್ಳಬಹುದು. ಕೊನೆಯ ಸರದಿ ಅಪ್‌ಸ್ಯಾಂಪ್ಲರಿನದು. ಅದರ ಕುತೂಹಲವನ್ನು ತಣಿಸಿಕೊಳ್ಳಲು ಪೆಟ್ಟಿಗೆ ಕೊಳ್ಳಬೇಕಾದುದೇ ಇಲ್ಲ. ಸಾಕ್ಸ್ ಎಂಬ ಉಚಿತ ತಂತ್ರಾಂಶ ಮನೆಯ ಕಂಪ್ಯೂಟರಿನಲ್ಲಿಯೇ ಆ ಲೆಕ್ಕವನ್ನು ಬಲು ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ. ಕೇಳಿ ನೋಡಿ ಸೊಗಸೆನಿಸಿದರೆ ಇಟ್ಟುಕೊಳ್ಳಲಿ, ಇಲ್ಲವಾದರೆ ಅಳಿಸಿಹಾಕಲಿ. ಕೈಯಿಂದ ಹೋದುದು ಒಂದು ಸಂಜೆ ಮಾತ್ರ.

ಯಂತ್ರಗಳ ಬೆನ್ನುಹತ್ತಿದವನಿಗೆ ಒದಗುವ ನಿಜವಾದ ವಿಪತ್ತು ಹಣದ ಖರ್ಚಲ್ಲ. ಆಲಾಪನೆ ಸಾಗುತ್ತಿರುವಾಗ ಅವನು ರಾಗವನ್ನು ಕೇಳುವುದನ್ನು ಬಿಟ್ಟು ಪೆಟ್ಟಿಗೆಯನ್ನು ಕೇಳತೊಡಗುತ್ತಾನೆ. ತಂಬೂರಿಯ ನಾದದಲ್ಲಿ ಮನಸ್ಸು ನಿಲ್ಲುವ ಬದಲು ಅದರ ಅಂಚಿನಲ್ಲಿ ಕುಂದು ಹುಡುಕುತ್ತದೆ. ಅನೇಕ ವೇಳೆ ಅವನಿಗೂ ಸಂಗೀತಕ್ಕೂ ನಡುವೆ ಇಳಿಬಿದ್ದಿರುವ ತೆರೆ ಅದೇ ಆಗಿರುತ್ತದೆ. ಪರಿವರ್ತಕ ಎಷ್ಟೇ ದೊಡ್ಡದಿರಲಿ ಅದರ ಧರ್ಮ ಒಂದೇ: ಇದ್ದುದನ್ನು ಕೆಡಿಸದೆ ದಾಟಿಸುವುದು. ಅಷ್ಟನ್ನು ಅದು ಮಾಡಿದರೆ ಸಾಕು. ಉಳಿದುದನ್ನು ಮಾಡಬೇಕಾದವರು ಇಬ್ಬರೇ: ಹಾಡುವವರು, ಕೇಳುವವರು.